ಸಿ.ಡಿ.ಯನ್ನು ಕೈಯಲ್ಲಿ ಹಿಡಿದು ಮಾರಿದ ರ‍್ಯಾಪರ್: ಆ ದಾರಿ ಇವತ್ತು ನಡೆಯುತ್ತದೆಯೇ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಕನ್ನಡದಲ್ಲಿ ರ‍್ಯಾಪ್ ಬರೆಯುತ್ತೇನೆ. ಕುಡಿಯುವ ನೀರು, ಗುತ್ತಿಗೆ ಪೌರಕಾರ್ಮಿಕರ ಸಂಬಳ, ಹಾಸ್ಟೆಲ್‌ನಲ್ಲಿ ಕಂಡ ಜಾತಿ, ಇವೇ ನನ್ನ ವಿಷಯಗಳು. ಗೆಳೆಯರು ಅಮೆರಿಕದ ರ‍್ಯಾಪರ್ ಇಮ್ಮಾರ್ಟಲ್ ಟೆಕ್ನಿಕ್ ಹೆಸರು ಹೇಳಿ, ‘ಅವರ ಹಾಗೆ ಯಾವ ಲೇಬಲ್ಲೂ ಬೇಡ ಅಂತ ನಿಂತುಬಿಡು’ ಅನ್ನುತ್ತಾರೆ. ಅವರು ನಿಜವಾಗಿ ಬೆಳೆದದ್ದು ಹೇಗೆ? ಅಷ್ಟು ಹೆಸರಿದ್ದವರು ಹೊಸ ಆಲ್ಬಮ್ ಯಾಕೆ ತರುತ್ತಿಲ್ಲ? ಇನ್ನೊಂದು: ನನ್ನ ಹಾಡೊಂದರಲ್ಲಿ ನಮ್ಮ ಕಡೆಯ ರಾಜಕಾರಣಿಯೊಬ್ಬರ ಹೆಸರಿದೆ. ಇಟ್ಟುಕೊಳ್ಳಲಾ, ತೆಗೆಯಲಾ?

ಉತ್ತರ:

ನಿಮ್ಮ ಗೆಳೆಯರ ಮಾತಿಗೆ ಒಂದು ತಿದ್ದುಪಡಿ ಬೇಕು. ಲೇಬಲ್, ಅಂದರೆ ಹಾಡು ಹೊರತಂದು ಮಾರುವ ಕಂಪನಿ, ಬೇಡ ಎಂದು ಇಮ್ಮಾರ್ಟಲ್ ಟೆಕ್ನಿಕ್ ಹೇಳುವ ಹೊತ್ತಿಗೆ ತಮ್ಮ ಹಾಡನ್ನು ತಾವೇ ಮಾರಿ ಬದುಕುವ ದಾರಿಯೊಂದು ಅವರ ಕೈಯಲ್ಲಿತ್ತು. ಅದಿದ್ದದ್ದರಿಂದಲೇ ‘ಬೇಡ’ ಎನ್ನುವ ಮಾತಿಗೆ ಬೆಲೆ ಬಂತು. ಮೊದಲು ಬೇಡ ಎಂದುಬಿಟ್ಟು ಆಮೇಲೆ ದಾರಿ ಹುಡುಕಲು ಹೊರಟವರು ಬಹಳ ದೂರ ಹೋಗುವುದಿಲ್ಲ. ಸಾಲ ಮಾಡಿ ಎರಡು ವಿಡಿಯೊ ಬಿಡುತ್ತಾರೆ, ಮೂರನೆಯದಕ್ಕೆ ದುಡ್ಡಿರುವುದಿಲ್ಲ, ಆಮೇಲೆ ಯಾರದೋ ಚುನಾವಣಾ ಪ್ರಚಾರದ ಹಾಡು ಬರೆಯುತ್ತಾರೆ. ಅಂಥ ಹುಡುಗರ ಬಗ್ಗೆ ನನಗೆ ಬೇಸರವಿದೆ, ಕೋಪವಿಲ್ಲ. ನೀವು ಹಾಗಾಗಬಾರದು ಎಂಬ ಆಸೆಯಿಂದ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಅವರ ನಿಜ ಹೆಸರು ಫೆಲಿಪೆ ಆಂದ್ರೆಸ್ ಕೊರೊನೆಲ್. ಹುಟ್ಟಿದ್ದು 1978ರಲ್ಲಿ, ಪೆರುವಿನ ರಾಜಧಾನಿ ಲಿಮಾದಲ್ಲಿ. 1980ರಲ್ಲಿ ಮನೆಯವರು ಅಮೆರಿಕಕ್ಕೆ ಬಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ನೆಲೆನಿಂತರು. ಆ ಇಸವಿಯನ್ನು ನೆನಪಿಟ್ಟುಕೊಳ್ಳಿ. ಶೈನಿಂಗ್ ಪಾತ್ ಎಂಬ ಮಾವೋವಾದಿ ಗುಂಪು ಪೆರುವಿನಲ್ಲಿ ಸಶಸ್ತ್ರ ಹೋರಾಟ ಶುರು ಮಾಡಿದ್ದು ಅದೇ ವರ್ಷ. ಮುಂದಿನ ಎರಡು ದಶಕಗಳಲ್ಲಿ ಬಂಡುಕೋರರ ಮತ್ತು ಸೇನೆಯ ನಡುವೆ ಸಿಕ್ಕಿ ಸುಮಾರು 69,000 ಜನ ಸತ್ತರು ಇಲ್ಲವೇ ಕಾಣೆಯಾದರು ಎಂದು ಅಲ್ಲಿನ ಸತ್ಯಶೋಧನಾ ಆಯೋಗ 2003ರಲ್ಲಿ ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಕ್ವೆಚುವಾ ಭಾಷೆಯಾಡುವ ಬೆಟ್ಟಸೀಮೆಯ ರೈತಾಪಿ ಜನ. ಟೆಕ್ನಿಕ್ ಅವರ ಹಾಡುಗಳಲ್ಲಿ ಹಾರ್ಲೆಮ್‌ನ ಬೀದಿ ಮತ್ತು ಲ್ಯಾಟಿನ್ ಅಮೆರಿಕದ ಹೊಲ ಒಂದೇ ಉಸಿರಿನಲ್ಲಿ ಬರುವುದಕ್ಕೆ ಈ ಹುಟ್ಟೂರಿನ ನಂಟು ಕಾರಣ. ಪುಸ್ತಕ ಓದಿ ದೂರದ ಬಡವರ ಬಗ್ಗೆ ಮರುಗುವವರ ದನಿ ಅದಲ್ಲ.

ನ್ಯೂಯಾರ್ಕಿನಲ್ಲಿ ಅವರು ಓದಿದ್ದು ಹಂಟರ್ ಕಾಲೇಜ್ ಹೈಸ್ಕೂಲ್‌ನಲ್ಲಿ. ಪ್ರವೇಶ ಪರೀಕ್ಷೆ ಬರೆದು ಸೀಟು ಗಿಟ್ಟಿಸಬೇಕಾದ ಶಾಲೆ ಅದು. ಮುಂದೆ ಸಂಗೀತ ನಾಟಕಗಳಿಂದ ಹೆಸರಾದ ಲಿನ್-ಮ್ಯಾನುಯೆಲ್ ಮಿರಾಂಡ ಅದೇ ಶಾಲೆಯಲ್ಲಿದ್ದರು. ಆ ಕಾಲದ ಕೊರೊನೆಲ್ ತನಗೆ ಕಾಟ ಕೊಡುತ್ತಿದ್ದ ಹುಡುಗ ಎಂದು ಅವರು ಹೇಳಿಕೊಂಡಿದ್ದಾರೆ. ಅಂದರೆ ಬುದ್ಧಿ ಚುರುಕು, ಕೈ ಅದಕ್ಕಿಂತ ಚುರುಕು. ಹರೆಯದಲ್ಲೇ ಪೊಲೀಸರ ಕೈಗೆ ಹಲವು ಸಲ ಸಿಕ್ಕಿಬಿದ್ದರು. ಪೆನ್ ಸ್ಟೇಟ್ ವಿಶ್ವವಿದ್ಯಾಲಯ ಸೇರಿದ ಮೇಲೆ ಹಲ್ಲೆಯ ಪ್ರಕರಣದಲ್ಲಿ ಶಿಕ್ಷೆಯಾಗಿ ಸುಮಾರು ಒಂದು ವರ್ಷ ಜೈಲಿನಲ್ಲಿದ್ದು, 1999ರಲ್ಲಿ ಪೆರೋಲ್ ಮೇಲೆ ಹೊರಬಂದರು. ಓದು, ಬರವಣಿಗೆ ಗಂಭೀರವಾಗಿ ಶುರುವಾದದ್ದು ಒಳಗಿದ್ದಾಗ. ಹೊರಬಂದ ಮೇಲೆ ನ್ಯೂಯಾರ್ಕಿನ ಬರೂಕ್ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ತರಗತಿಗಳಿಗೂ ಹೋದರು.

ಈ ಜೈಲಿನ ಕಥೆಯನ್ನು ಅಭಿಮಾನಿಗಳು ಹೂಮಾಲೆ ಹಾಕಿ ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ. ಜೈಲು ಯಾರನ್ನೂ ಕವಿ ಮಾಡುವುದಿಲ್ಲ, ಒಳಗೆ ಹೋದ ಎಷ್ಟೋ ಪ್ರತಿಭಾವಂತರು ಮುರಿದು ಬಂದಿದ್ದಾರೆ. ಅವರಿಗೆ ಆದದ್ದು ಏನೆಂದರೆ, ಅಲ್ಲಿಯವರೆಗೆ ಪಕ್ಕದವನ ಮೇಲೆ ಹರಿಯುತ್ತಿದ್ದ ಸಿಟ್ಟು ಮೊದಲ ಸಲ ವ್ಯವಸ್ಥೆಯ ಕಡೆ ತಿರುಗಿತು. ಒಂದು ದೇಶದ ಜೈಲುಗಳಲ್ಲಿ ಯಾರು ತುಂಬಿದ್ದಾರೆ, ಯಾಕೆ ತುಂಬಿದ್ದಾರೆ ಎಂಬ ಪ್ರಶ್ನೆ ಒಳಗಿದ್ದವನಿಗೆ ಬೇರೆ ಥರ ಕಾಣುತ್ತದೆ.

ಹೊರಬಂದವರ ಮೊದಲ ಸಂಪಾದನೆ ಬ್ಯಾಟಲ್‌ಗಳಿಂದ. ಇಬ್ಬರು ಎದುರುಬದುರು ನಿಂತು, ಜನರ ಮುಂದೆ ಒಬ್ಬರನ್ನೊಬ್ಬರು ಸಾಲುಗಳಲ್ಲಿ ಕೆಡವುವ ಸ್ಪರ್ಧೆ ಅದು. ಬ್ರ್ಯಾಗಿನ್ ರೈಟ್ಸ್, ರಾಕ್‌ಸ್ಟೆಡಿ ವಾರ್ಷಿಕೋತ್ಸವದಂಥ ಕಡೆ ಗೆದ್ದು ನ್ಯೂಯಾರ್ಕಿನಲ್ಲಿ ಹೆಸರು ಮಾಡಿದರು. ಗೆದ್ದ ಹಣವನ್ನು ಕೂಡಿಟ್ಟು 2001ರಲ್ಲಿ ಮೊದಲ ಆಲ್ಬಮ್ ‘ರೆವಲ್ಯೂಷನರಿ ಸಂಪುಟ 1’ನ್ನು ತಾವೇ ಹೊರತಂದರು. ಅಂಗಡಿ ಇಲ್ಲ, ವಿತರಕರಿಲ್ಲ. ಬೀದಿಯಲ್ಲಿ, ಕಾರ್ಯಕ್ರಮಗಳ ಬಾಗಿಲಲ್ಲಿ ನಿಂತು ಕೈಯಿಂದ ಕೈಗೆ ಮಾರಿದರು.

ಇದನ್ನು ಬರೀ ಛಲ ಎಂದು ಓದಬೇಡಿ. ಆ ಹೊತ್ತಿಗೆ ಬೇರೆ ಬಾಗಿಲುಗಳು ಮುಚ್ಚಿದ್ದವು. ಸ್ವಲ್ಪ ಹಿಂದಕ್ಕೆ ಹೋಗೋಣ. 1992ರಲ್ಲಿ ಐಸ್-ಟಿ ಎಂಬ ರ‍್ಯಾಪರ್ ತಮ್ಮ ಮೆಟಲ್ ತಂಡದ ಜೊತೆ ಹಾಡಿದ ಪೊಲೀಸ್ ವಿರೋಧಿ ಹಾಡೊಂದರ ಮೇಲೆ ಅಮೆರಿಕದ ಪೊಲೀಸ್ ಸಂಘಟನೆಗಳು ಮುಗಿಬಿದ್ದವು. ಹಾಡು ಹೊರತಂದ ಟೈಮ್ ವಾರ್ನರ್ ಕಂಪನಿಯನ್ನು ಬಹಿಷ್ಕರಿಸುವ ಕರೆ ಬಂತು, ಹಾಡು ಆಲ್ಬಮ್‌ನಿಂದ ಹೊರಬಿತ್ತು, ಮರುವರ್ಷ ಐಸ್-ಟಿ ಮತ್ತು ವಾರ್ನರ್ ದೂರವಾದರು. ಅದೇ 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ಯಾರಿಸ್ ಎಂಬ ರ‍್ಯಾಪರ್ ಅಂದಿನ ಅಧ್ಯಕ್ಷ ಹಿರಿಯ ಬುಷ್ ಅವರನ್ನು ಕೊಲ್ಲುವ ಕಲ್ಪನೆಯ ಹಾಡು ಬರೆದಿದ್ದರು. ಕಂಪನಿ ಆ ಆಲ್ಬಮ್ ಬಿಡಲು ಒಪ್ಪಲಿಲ್ಲ. ಅವರು ತಮ್ಮದೇ ಲೇಬಲ್‌ನಲ್ಲಿ ಹೊರತಂದರು. ಈ ಎರಡು ಪ್ರಕರಣಗಳಿಂದ ದೊಡ್ಡ ಕಂಪನಿಗಳ ವಕೀಲರು ಪಾಠ ಕಲಿತರು. ಹೆಂಡ, ಬಂದೂಕು, ಹೆಣ್ಣಿನ ಮೈ ಇವುಗಳ ಬಗ್ಗೆ ಎಷ್ಟು ಬೇಕಾದರೂ ಹಾಡಬಹುದು, ಅಧಿಕಾರದಲ್ಲಿರುವವರ ಹೆಸರು ಹಿಡಿದು ಹಾಡಿದರೆ ಮಾತ್ರ ಷೇರುದಾರರಿಗೆ ನಿದ್ದೆ ಬರುವುದಿಲ್ಲ.

ಆಮೇಲೆ ರೇಡಿಯೊ. 1996ರ ದೂರಸಂಪರ್ಕ ಕಾಯ್ದೆ ಬರುವವರೆಗೆ ಅಮೆರಿಕದಲ್ಲಿ ಒಂದು ಕಂಪನಿ ದೇಶವಿಡೀ ಇಂತಿಷ್ಟೇ ರೇಡಿಯೊ ಕೇಂದ್ರ ಇಟ್ಟುಕೊಳ್ಳಬಹುದು ಎಂಬ ಮಿತಿಯಿತ್ತು. ಕಾಯ್ದೆ ಆ ಮಿತಿಯನ್ನು ಕಿತ್ತುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಗೆ ಸಾವಿರಕ್ಕೂ ಹೆಚ್ಚು ಕೇಂದ್ರಗಳು ಬಂದವು. ಮೊದಲು ಊರೂರಿನ ಡಿ.ಜೆ. ತನಗೆ ಹಿಡಿಸಿದ್ದನ್ನು ಹಾಕುತ್ತಿದ್ದ. ಈಗ ಹಾಡುಗಳ ಪಟ್ಟಿ ಮೇಲಿನಿಂದ ಬರತೊಡಗಿತು. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅದೇ ಕಂಪನಿಯೊಳಗೆ ‘ಈ ಹೊತ್ತಿಗೆ ಹಾಕುವುದು ಸೂಕ್ತವಲ್ಲ’ ಎಂಬಂಥ ಹಾಡುಗಳ ಉದ್ದನೆಯ ಪಟ್ಟಿಯೊಂದು ಓಡಾಡಿತು. ಅದರಲ್ಲಿ ರೇಜ್ ಅಗೇನ್ಸ್ಟ್ ದ ಮಷೀನ್ ಎಂಬ ರಾಜಕೀಯ ರಾಕ್ ತಂಡದ ಎಲ್ಲ ಹಾಡುಗಳೂ ಇದ್ದವು. ಟೆಕ್ನಿಕ್ ಅವರ ಮೊದಲ ಆಲ್ಬಮ್ ಬಂದದ್ದು ಇದೇ ವರ್ಷ. ಆ ಹವೆಯಲ್ಲಿ ಇಂಥ ಹಾಡನ್ನು ಯಾವ ರೇಡಿಯೊ ಹಾಕೀತು?

ಬೀದಿಯಲ್ಲಿ ಮಾರುವುದರ ಲೆಕ್ಕ ನೋಡಿ, ಇದು ಮುಖ್ಯ. ಆ ಕಾಲದಲ್ಲಿ ಸಾವಿರ ಸಿ.ಡಿ. ಒಟ್ಟಿಗೆ ಒತ್ತಿಸಿದರೆ ಒಂದಕ್ಕೆ ಹೆಚ್ಚುಕಡಿಮೆ ಒಂದು ಡಾಲರ್ ಖರ್ಚು. ಲೆಕ್ಕಕ್ಕೆ ಹತ್ತು ಡಾಲರ್‌ಗೆ ಮಾರಿದರು ಎಂದುಕೊಳ್ಳಿ. ಒಂಬತ್ತು ಡಾಲರ್ ಕೈಯಲ್ಲಿ ಉಳಿಯಿತು, ಅದೂ ಅಂದೇ, ನಗದಾಗಿ. ದೊಡ್ಡ ಕಂಪನಿಯ ಒಪ್ಪಂದದಲ್ಲಿ ಹೊಸ ಕಲಾವಿದನ ರಾಯಲ್ಟಿ ಮಾರಾಟ ಬೆಲೆಯ ನೂರಕ್ಕೆ ಹತ್ತು-ಹದಿನೈದರ ಆಸುಪಾಸು. ಅದರಲ್ಲೂ ರೆಕಾರ್ಡಿಂಗ್ ಖರ್ಚು, ವಿಡಿಯೊ ಖರ್ಚಿನ ಒಂದು ಪಾಲು, ಮೊದಲೇ ಕೊಟ್ಟ ಮುಂಗಡ, ಇವೆಲ್ಲ ಮುರಿದುಕೊಂಡ ಮೇಲೆ ಉಳಿದರೆ ಉಂಟು. ಲಕ್ಷ ಪ್ರತಿ ಮಾರಿಯೂ ಕಂಪನಿಗೆ ಸಾಲಗಾರನಾಗಿ ಉಳಿದ ಕಲಾವಿದರಿದ್ದಾರೆ. ಹತ್ತು ಸಾವಿರ ಪ್ರತಿಯನ್ನು ಕೈಯಾರೆ ಮಾರಿದವನು ಮನೆ ಬಾಡಿಗೆ ಕಟ್ಟಿ, ಮುಂದಿನ ಆಲ್ಬಮ್‌ಗೂ ಎತ್ತಿಡಬಹುದು. ಟೆಕ್ನಿಕ್ ಅವರ ಕ್ರಾಂತಿಯ ಮಾತಿನ ಕೆಳಗೆ ಇರುವ ನೆಲ ಈ ಒಂದು ಡಾಲರಿನ ಸಿ.ಡಿ.ಯೇ. ಹಾಡಿನಲ್ಲಿ ಏನು ಹೇಳಬೇಕೆಂದು ಕೇಳಲು ಅವರಿಗೆ ಯಾರ ಮನೆಬಾಗಿಲಿಗೂ ಹೋಗಬೇಕಾಗಿರಲಿಲ್ಲ.

ಜೊತೆಗೆ ಇನ್ನೊಂದು ನಡೆಯಿತು. ಅಂತರ್ಜಾಲದಲ್ಲಿ ಹಾಡಿನ ಫೈಲ್‌ಗಳನ್ನು ಹಂಚಿಕೊಳ್ಳುವ ಚಾಳಿ ಶುರುವಾಗಿದ್ದ ಕಾಲ ಅದು. ದೊಡ್ಡ ಕಂಪನಿಗಳಿಗೆ ಅದು ಕಳ್ಳತನ, ಬೀದಿಯಲ್ಲಿ ಸಿ.ಡಿ. ಮಾರುವವನಿಗೆ ಪುಕ್ಕಟೆ ಪ್ರಚಾರ. ಮೊದಲ ಆಲ್ಬಮ್‌ನ ‘ಡ್ಯಾನ್ಸ್ ವಿತ್ ದ ಡೆವಿಲ್’ ಹಾಗೆ ಊರೂರು ಹಬ್ಬಿತು. ಗ್ಯಾಂಗಿನವರ ಮೆಚ್ಚುಗೆ ಗಳಿಸಲು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದ ಹುಡುಗನೊಬ್ಬ, ಕತ್ತಲಲ್ಲಿ ತಾನು ಹಾಳುಗೆಡವಿದ್ದು ಯಾರನ್ನು ಎಂದು ಕೊನೆಗೆ ತಿಳಿಯುವ ಕಥೆ. ಕೇಳಿದವರು ರಾತ್ರಿ ನಿದ್ದೆಗೆಟ್ಟಿದ್ದಾರೆ. ಇದರಲ್ಲಿ ಘೋಷಣೆ ಒಂದೂ ಇಲ್ಲ ಎನ್ನುವುದನ್ನು ಗಮನಿಸಿ. ಒಬ್ಬ ಹುಡುಗನ ಕಥೆಯನ್ನು ಅವಸರಪಡದೆ ಹೇಳಿದ್ದಾರೆ, ಅಷ್ಟೆ. ರಾಜಕೀಯ ಹಾಡುಗಾರನೆಂದು ಹೆಸರಾದವರ ಅತಿ ಹೆಚ್ಚು ಜನ ಕೇಳಿದ ಹಾಡುಗಳಲ್ಲೊಂದು ಈ ಕಥನ.

2002ರ ನವೆಂಬರ್‌ನಲ್ಲಿ ಹಿಪ್ ಹಾಪ್‌ನ ಹೆಸರಾಂತ ಪತ್ರಿಕೆ ‘ದ ಸೋರ್ಸ್’, ಲೇಬಲ್ ಇಲ್ಲದ ಹೊಸ ಪ್ರತಿಭೆಗಳಿಗೆ ಮೀಸಲಾದ ತನ್ನ ಅಂಕಣದಲ್ಲಿ ಅವರ ಬಗ್ಗೆ ಬರೆಯಿತು. ಮರುವರ್ಷ ಅದೇ ಪತ್ರಿಕೆ ತಿಂಗಳ ಅತ್ಯುತ್ತಮ ಸಾಲುಗಳೆಂದು ಅವರ ‘ಇಂಡಸ್ಟ್ರಿಯಲ್ ರೆವಲ್ಯೂಷನ್’ ಹಾಡನ್ನು ಆರಿಸಿತು. 2003ರ ನವೆಂಬರ್‌ನಲ್ಲಿ ‘ರೆವಲ್ಯೂಷನರಿ ಸಂಪುಟ 2’ ಬಂತು. ನಿಮ್ಮ ಗೆಳೆಯರಿಗೆ ಹೇಳಬೇಕಾದ ಸಂಗತಿ ಇಲ್ಲಿದೆ: ಈ ಆಲ್ಬಮ್ ಲೇಬಲ್ ಇಲ್ಲದೆ ಬಂದದ್ದಲ್ಲ. ವೈಪರ್ ರೆಕಾರ್ಡ್ಸ್ ಎಂಬ ಪುಟ್ಟ ಸ್ವತಂತ್ರ ಲೇಬಲ್ ಅದರ ಹಿಂದಿತ್ತು. ಸಿ.ಡಿ. ಒತ್ತಿಸುವುದು, ಅಂಗಡಿಗೆ ಮುಟ್ಟಿಸುವುದು, ಪ್ರವಾಸದ ಲೆಕ್ಕ ನೋಡುವುದು, ಇದೆಲ್ಲ ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಅವರು ದೂರ ಇಟ್ಟದ್ದು ಹಾಡಿನ ಒಡೆತನ ಕೇಳುವ ದೊಡ್ಡ ಕಂಪನಿಗಳನ್ನು. ಜೊತೆಗೆ ದುಡಿಯುವ ಸಣ್ಣ ತಂಡ ಅವರಿಗೂ ಬೇಕಾಯಿತು, ನಿಮಗೂ ಬೇಕಾಗುತ್ತದೆ.

ಎರಡನೆಯ ಆಲ್ಬಮ್ ಅವರ ಅತ್ಯುತ್ತಮ ಕೆಲಸ ಎಂದು ನನ್ನ ಎಣಿಕೆ. ಅದರ ಮುನ್ನುಡಿ ಮುಮಿಯಾ ಅಬು-ಜಮಾಲ್ ಅವರ ದನಿಯಲ್ಲಿದೆ. ಅವರು ಪೆನ್ಸಿಲ್ವೇನಿಯಾದ ಜೈಲಿನಲ್ಲಿ ಆಗ ಮರಣದಂಡನೆಯ ಕೈದಿಯಾಗಿದ್ದ ಪತ್ರಕರ್ತ. ಇರಾಕ್ ಯುದ್ಧ ಶುರುವಾಗಿ ಎಂಟು ತಿಂಗಳಾಗಿತ್ತಷ್ಟೆ. ಯುದ್ಧದ ಸುದ್ದಿಯನ್ನು ಮಾಧ್ಯಮಗಳು ಸರ್ಕಾರದ ಇನ್ನೊಂದು ಅಂಗದ ಹಾಗೆ ಬಡಿಸುತ್ತಿವೆ ಎನ್ನುವ ಹಾಡು ಅದರಲ್ಲಿದೆ. ಆ ಹೊತ್ತಿನಲ್ಲಿ ಅದನ್ನು ಹೇಳುವುದಕ್ಕೆ ಎದೆಗಾರಿಕೆ ಬೇಕಿತ್ತು.

ಆದರೆ ನೀವು ಕೂತು ಅಭ್ಯಾಸ ಮಾಡಬೇಕಾದ ಹಾಡು ‘ಪೆರುವಿಯನ್ ಕೊಕೇನ್’. ಏಳು ರ‍್ಯಾಪರ್‌ಗಳು, ಏಳು ಪಾತ್ರ. ಕೊಕೇನ್ ತಯಾರಿಸುವ ಕೋಕಾ ಎಲೆ ಕೀಳುವ ಹೊಲದ ಕೂಲಿಯ ಪಾತ್ರವನ್ನು ಟೆಕ್ನಿಕ್ ತಾವೇ ಇಟ್ಟುಕೊಂಡಿದ್ದಾರೆ. ಅಲ್ಲಿಂದ ಮಾಲು ಕೈ ಬದಲಿಸಿದ ಹಾಗೆ ಮಾತೂ ಕೈ ಬದಲಿಸುತ್ತದೆ. ಕೂಲಿಯ ಮೇಲಿನ ಯಜಮಾನ, ಅವನನ್ನು ಕಾಯುವ ಅಧಿಕಾರಸ್ಥ, ಗಡಿ ದಾಟಿಸುವವನು, ಅಮೆರಿಕದ ಬೀದಿಯಲ್ಲಿ ಹಂಚುವವನು, ವೇಷ ಮರೆಸಿದ ಪೊಲೀಸ್, ಕೊನೆಗೆ ಜೈಲಿನಲ್ಲಿ ಕೂತ ಕೈದಿ. ಪ್ರತಿಯೊಬ್ಬನೂ ತನ್ನ ಪಾಲಿಗೆ ತಾನು ಮಾಡುತ್ತಿರುವುದು ಸರಿ ಎಂದೇ ಮಾತಾಡುತ್ತಾನೆ. ಯಾರೂ ಭಾಷಣ ಬಿಗಿಯುವುದಿಲ್ಲ. ಹಾಡು ಮುಗಿಯುವಾಗ ಕೇಳುಗನಿಗೆ ಇಡೀ ಸರಪಳಿ ಕಣ್ಣಿಗೆ ಕಟ್ಟಿರುತ್ತದೆ: ಬೆಳೆದವನು ಬಡವ, ಸಿಕ್ಕಿಬಿದ್ದವನು ಬಡವ, ನಡುವೆ ಇರುವವರೆಲ್ಲ ದುಡ್ಡು ಮಾಡಿಕೊಂಡವರು. ಅರ್ಥಶಾಸ್ತ್ರದ ಒಂದು ಅಧ್ಯಾಯ ಹೇಳುವುದನ್ನು ಕೆಲವೇ ನಿಮಿಷಗಳ ಹಾಡು ಹೇಳಿದೆ. ಪೌರಕಾರ್ಮಿಕರ ಬಗ್ಗೆ ನೀವು ಬರೆಯುತ್ತಿದ್ದೀರಲ್ಲ, ಆ ಹಾಡನ್ನು ಹೀಗೆ ಕಟ್ಟಿ ನೋಡಿ. ನಸುಕಿನಲ್ಲಿ ಪೊರಕೆ ಹಿಡಿಯುವ ಅಕ್ಕ ಒಂದು ವರ್ಸ್ (ಚರಣ), ಅವಳ ಪಿ.ಎಫ್. ಕಟ್ಟದ ಗುತ್ತಿಗೆದಾರ ಒಂದು ವರ್ಸ್, ಬಿಲ್ಲಿಗೆ ಸಹಿ ಹಾಕುವ ಅಧಿಕಾರಿ ಒಂದು, ಗೇಟಿನ ಮುಂದೆ ಕಸ ಎಸೆದು ಒಳಗೆ ಹೋಗುವ ಮನೆಯವರು ಒಂದು. ಗುತ್ತಿಗೆದಾರನಿಗೂ ಅವನದೇ ನ್ಯಾಯ ಕೊಡಿ, ಆಗ ಅವನು ಇನ್ನೂ ಚೆನ್ನಾಗಿ ಸಿಕ್ಕಿಬೀಳುತ್ತಾನೆ.

ಇಷ್ಟು ಹೊಗಳಿದ ಮೇಲೆ ಕುಂದುಗಳನ್ನೂ ಹೇಳಲೇಬೇಕು. ‘ಬಿನ್ ಲಾಡೆನ್’ ಹೆಸರಿನ ಅವರ ಹಾಡೊಂದಿದೆ, ಮಾಸ್ ಡೆಫ್ ಎಂಬ ರ‍್ಯಾಪರ್ ಜೊತೆ ಹಾಡಿದ್ದು. ವರ್ಲ್ಡ್ ಟ್ರೇಡ್ ಸೆಂಟರ್ ಗೋಪುರಗಳನ್ನು ಕೆಡವಿದ್ದು ಆಗಿನ ಅಧ್ಯಕ್ಷ ಕಿರಿಯ ಬುಷ್ ಎಂದು ಅದರ ಪಲ್ಲವಿ ಹೇಳುತ್ತದೆ. ಅದು ಸುಳ್ಳು. ದಾಳಿ ನಡೆಸಿದ್ದು ಅಲ್ ಖೈದಾ, ಇದು ವಿಚಾರಣೆಗಳಿಂದ ಸ್ಪಷ್ಟವಾದ ಸಂಗತಿ. ಅಫ್ಘಾನಿಸ್ತಾನದಲ್ಲಿ ಹಿಂದೆ ಅಮೆರಿಕ ಯಾರಿಗೆ ಹಣ, ಆಯುಧ ಕೊಟ್ಟಿತ್ತು ಎಂಬ ನಿಜವಾದ ಪ್ರಶ್ನೆ ಆ ಹಾಡಿನಲ್ಲೇ ಇದೆ, ಅದಕ್ಕೆ ದಾಖಲೆಗಳೂ ಇವೆ. ಒಂದು ಸುಳ್ಳು ಪಲ್ಲವಿಯಾಗಿ ಕೂತದ್ದರಿಂದ ಆ ನಿಜದ ಬೆಲೆಯೂ ಇಳಿಯಿತು. ಮೊದಲ ಆಲ್ಬಮ್‌ಗಳಲ್ಲಿ ಸಲಿಂಗಿಗಳನ್ನು, ಹೆಣ್ಣುಮಕ್ಕಳನ್ನು ಹೀಗಳೆಯುವ ಬೈಗುಳಗಳೂ ಇವೆ. ಬ್ಯಾಟಲ್ ವೇದಿಕೆಯಿಂದ ಬಂದ ರೂಢಿ ಅದು, ನಿಜ. ಆದರೆ ದಮನಿತರ ಪರ ನಿಂತ ಹಾಡಿನಲ್ಲಿ ಇನ್ನೊಬ್ಬ ದಮನಿತನಿಗೆ ಹೊಡೆತ ಬಿದ್ದರೆ ಅದನ್ನು ರೂಢಿ ಎಂದು ದಾಟಿಸಲಾಗದು.

ಲೇಬಲ್ ಇಲ್ಲದಿರುವುದರ ಇನ್ನೊಂದು ಮುಖ ಇದು. ನಿಮ್ಮನ್ನು ತಡೆಯುವವರು ಇಲ್ಲದ ಕಡೆ ತಿದ್ದುವವರೂ ಇರುವುದಿಲ್ಲ. ಕಂಪನಿಯ ವಕೀಲ ನಿಜವಾದ ಸಾಲನ್ನೂ ಅಳಿಸುತ್ತಾನೆ, ಸುಳ್ಳು ಸಾಲನ್ನೂ ಅಳಿಸುತ್ತಾನೆ. ಅವನು ಹೋದ ಮೇಲೆ ಸುಳ್ಳನ್ನು ಹೆಕ್ಕಿ ತೆಗೆಯುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಹಾಡು ಬಿಡುವ ಮೊದಲು ಆ ವಿಷಯ ಬಲ್ಲ ಇಬ್ಬರಿಗೆ ಕೇಳಿಸಿ: ನಿಮ್ಮ ಫ್ಲೋ (ಸಾಲು ಹಾಡುವ ಓಟ) ಮೆಚ್ಚುವ ಗೆಳೆಯರಿಗಲ್ಲ, ಪೌರಕಾರ್ಮಿಕರ ಸಂಘದಲ್ಲಿ ದುಡಿದವರಿಗೆ, ಆ ಕಡತಗಳನ್ನು ನೋಡಿದ ವರದಿಗಾರರಿಗೆ. ಅವರು ‘ಇದು ಹೀಗಲ್ಲ’ ಎಂದರೆ ಎಷ್ಟೇ ಚೆಂದದ ಪ್ರಾಸವಿದ್ದರೂ ಸಾಲನ್ನು ಬಿಟ್ಟುಬಿಡಿ.

ಇನ್ನು ‘ಹೊಸ ಆಲ್ಬಮ್ ಯಾಕಿಲ್ಲ’ ಎಂಬ ಪ್ರಶ್ನೆ. 2003ರ ನಂತರ ಮುಂದಿನ ದೊಡ್ಡ ಕೆಲಸ ‘ದ ಥರ್ಡ್ ವರ್ಲ್ಡ್’ ಬಂದದ್ದು 2008ರಲ್ಲಿ, ಡಿ.ಜೆ. ಗ್ರೀನ್ ಲ್ಯಾಂಟರ್ನ್ ಜೊತೆ ಸೇರಿ. ಅದರ ಗಳಿಕೆಯನ್ನು ಹಾಕಿ, ಒಂದು ಮಾನವೀಯ ಸಂಸ್ಥೆಯ ಜೊತೆ ಕಾಬೂಲಿಗೆ ಹೋಗಿ ಅಲ್ಲೊಂದು ಅನಾಥಾಲಯ ಕಟ್ಟುವ ಕೆಲಸಕ್ಕೆ ನಿಂತರು. 2011ರ ಅಕ್ಟೋಬರ್‌ನಲ್ಲಿ ‘ದ ಮಾರ್ಟರ್’ ಸಂಕಲನವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಬಿಟ್ಟರು. ಆ ದಿನಗಳಲ್ಲೇ ನ್ಯೂಯಾರ್ಕಿನ ಜುಕೋಟಿ ಪಾರ್ಕಿನಲ್ಲಿ ವಾಲ್ ಸ್ಟ್ರೀಟ್ ವಿರುದ್ಧ ಜನ ಡೇರೆ ಹಾಕಿದ್ದರು, ಅಲ್ಲೂ ಅವರು ಹೋಗಿ ನಿಂತರು. 2013ರಲ್ಲಿ ಬ್ರದರ್ ಅಲಿ ಎಂಬ ಇನ್ನೊಬ್ಬ ಸ್ವತಂತ್ರ ರ‍್ಯಾಪರ್ ಜೊತೆ ದೊಡ್ಡ ಪ್ರವಾಸ ಮಾಡಿದರು. ‘ದ ಮಿಡಲ್ ಪ್ಯಾಸೇಜ್’ ಎಂಬ ಆಲ್ಬಮ್ ಬರುತ್ತದೆ ಎಂದು ಘೋಷಿಸಿದರು, ಅಭಿಮಾನಿಗಳು ಅದಕ್ಕಾಗಿ ವರ್ಷಗಟ್ಟಲೆ ಕಾದರು.

ಅವರ ಮನಸ್ಸಿನೊಳಗೆ ಇಣುಕಿ ಕಾರಣ ಹೇಳುವ ಅಧಿಕಾರ ನನಗಿಲ್ಲ. ಕಸುಬಿನ ಕಡೆಯಿಂದ ಮಾತ್ರ ಹೇಳಬಲ್ಲೆ. ಅವರ ಹಣ ಬರುತ್ತಿದ್ದುದು ಎರಡು ಕಡೆಯಿಂದ, ಕೈಯಲ್ಲಿ ಮಾರುವ ಸಿ.ಡಿ. ಮತ್ತು ವೇದಿಕೆ. ಕೈಯಿಂದ ಕೈಗೆ ಮಾರಾಟವನ್ನು ಸ್ಟ್ರೀಮಿಂಗ್ ತಿಂದುಹಾಕಿತು. ಉಳಿದದ್ದು ವೇದಿಕೆ. ವೇದಿಕೆಯಿಂದ ಬದುಕುವವನು ಊರೂರು ತಿರುಗಬೇಕು, ತಿರುಗುವವನಿಗೆ ಸ್ಟುಡಿಯೊದಲ್ಲಿ ಕೂರಲು ಬಿಡುವಿಲ್ಲ. ಕಂಪನಿಯ ಕಲಾವಿದನಿಗೆ ಎರಡು ವರ್ಷಕ್ಕೊಂದು ಆಲ್ಬಮ್ ಕೊಡಬೇಕೆಂಬ ಕರಾರು ಇರುತ್ತದೆ, ಸ್ವತಂತ್ರನಿಗೆ ಆ ಗಡುವಿಲ್ಲ. ಹೇಳಲು ಹೊಸದೇನೂ ಇಲ್ಲದಾಗ ಸುಮ್ಮನಿರುವ ಹಕ್ಕೂ ಅವನಿಗಿದೆ. ಒಬ್ಬ ರ‍್ಯಾಪರ್ ಎರಡು ಗಟ್ಟಿ ಆಲ್ಬಮ್ ಕೊಟ್ಟು, ದುಡಿದದ್ದರಲ್ಲಿ ಮಕ್ಕಳಿಗೊಂದು ಸೂರು ಕಟ್ಟಲು ಕೈಜೋಡಿಸಿ, ಆಮೇಲೆ ನಿಧಾನವಾದರೆ ಅದನ್ನು ಸೋಲು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಿಮ್ಮ ವಿಷಯಕ್ಕೆ ಬರೋಣ. ಸಿ.ಡಿ. ಇವತ್ತು ಯಾರಿಗೂ ಬೇಡ. ಸ್ಟ್ರೀಮಿಂಗ್‌ನಲ್ಲಿ ಒಂದು ಸಲ ಹಾಡು ಕೇಳಿದರೆ ಬರುವುದು ಒಂದು ಡಾಲರಿನ ಸಾವಿರದಲ್ಲಿ ಮೂರರಿಂದ ಐದು ಭಾಗ ಎಂಬುದು ಸಾಮಾನ್ಯವಾಗಿ ಹೇಳುವ ಅಂದಾಜು. ಭಾರತದ ಕೇಳುಗರಿಂದ ಬರುವುದು ಅದಕ್ಕಿಂತ ಕಡಿಮೆ. 2024ರಿಂದ ಸ್ಪಾಟಿಫೈ, ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಏನೂ ಕೊಡುವುದಿಲ್ಲ. ನಮ್ಮ ಖಾಸಗಿ ಎಫ್.ಎಂ.ಗಳು ಸಿನಿಮಾ ಹಾಡಿನ ಮೇಲೆ ನಿಂತಿವೆ, ಸ್ವಂತ ಸುದ್ದಿ ಓದುವ ಅನುಮತಿಯೂ ಇಲ್ಲದವು ನಿಮ್ಮ ನೀರಿನ ಹಾಡನ್ನು ಹಾಕುವುದಿಲ್ಲ. ಆದ್ದರಿಂದ ಆನ್‌ಲೈನ್‌ನಿಂದ ಹೊಟ್ಟೆ ತುಂಬುತ್ತದೆ ಎಂಬ ಲೆಕ್ಕ ಬಿಡಿ. ಅದು ಪರಿಚಯಪತ್ರ, ಅಷ್ಟೇ. ಓದು ಮುಗಿಸಿ, ಕೆಲಸ ಹಿಡಿಯಿರಿ. ಸಂಬಳ ತರುವ ಕೆಲಸ ನಿಮ್ಮ ಹಾಡಿನ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬೀಟ್‌ಗೆ (ಹಾಡಿನ ಹಿಂದಿನ ತಾಳ, ಸಂಗೀತ), ಸ್ಟುಡಿಯೊ ಬಾಡಿಗೆಗೆ ನಿಮ್ಮದೇ ಹಣ ಇದ್ದಷ್ಟು ದಿನ ನಿಮ್ಮ ಸಾಲಿಗೆ ಬೆಲೆ ಕಟ್ಟಲು ಬೇರೆಯವರಿಗೆ ಆಗುವುದಿಲ್ಲ.

ಕೇಳುಗರನ್ನು ಎಲ್ಲಿ ಹುಡುಕಬೇಕು ಎಂಬುದಕ್ಕೆ ಹಾರ್ಲೆಮ್‌ವರೆಗೆ ಹೋಗಬೇಕಿಲ್ಲ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಹುಡುಗರು ತಮಟೆ ಹಿಡಿದು ಕೇರಿಯಿಂದ ಕೇರಿಗೆ ಹೋದದ್ದು, ಸಿದ್ಧಲಿಂಗಯ್ಯನವರ ಸಾಲುಗಳು ಅಚ್ಚಿನ ಪುಸ್ತಕ ಕಾಣದವರ ಬಾಯಲ್ಲೂ ನಿಂತದ್ದು ನಿಮಗೆ ಗೊತ್ತಿರಬೇಕು. ‘ಸಮುದಾಯ’ ರಂಗತಂಡದ ಜಾಥಾಗಳೂ ಹಾಗೆಯೇ ನಡೆದವು. ಆ ಹಾಡುಗಳಿಗೆ ಲೇಬಲ್ ಇರಲಿಲ್ಲ, ಹಾಡಿಸಿಕೊಳ್ಳುವ ಜನ ಇದ್ದರು. ಪೌರಕಾರ್ಮಿಕರ ಧರಣಿಯಲ್ಲಿ, ಹಾಸ್ಟೆಲ್ ಅಂಗಳದಲ್ಲಿ, ಕಾಲೇಜಿನ ಅಂಬೇಡ್ಕರ್ ಜಯಂತಿಯಲ್ಲಿ ಮೊದಲು ಹಾಡಿ. ಐವತ್ತು ಜನರ ಮುಂದೆ ಹಾಡಿದಾಗ ಯಾವ ಸಾಲಿಗೆ ತಲೆ ಎತ್ತುತ್ತಾರೆ, ಯಾವ ಸಾಲಿಗೆ ಮೊಬೈಲ್ ನೋಡುತ್ತಾರೆ ಎಂಬುದು ಅಲ್ಲೇ ತಿಳಿಯುತ್ತದೆ. ಸಾಹಿತ್ಯದ ಪುಟ್ಟ ಪುಸ್ತಿಕೆ, ಟಿ-ಶರ್ಟು ಮಾಡಿಸಿ ಪಕ್ಕದಲ್ಲೊಂದು ಯು.ಪಿ.ಐ. ಕ್ಯೂಆರ್ ಕೋಡ್ ಇಡಿ. ಕೈಯಿಂದ ಕೈಗೆ ಮಾರುವ ದಾರಿ ಇವತ್ತು ಉಳಿದಿರುವುದು ಆ ರೂಪದಲ್ಲಿ.

ಕಾಗದದ ಕೆಲಸವನ್ನೂ ಉದಾಸೀನ ಮಾಡಬೇಡಿ. ಬೀಟ್ ಮಾಡಿಕೊಟ್ಟ ಗೆಳೆಯನ ಜೊತೆ ಯಾರ ಪಾಲೆಷ್ಟು ಎಂದು ಮೊದಲೇ ಬರೆದು ಸಹಿ ಹಾಕಿಕೊಳ್ಳಿ, ಹಾಡು ಓಡಿದ ಮೇಲೆ ಸ್ನೇಹ ಒಡೆಯುವುದು ಇಲ್ಲೇ. ಅಂತರ್ಜಾಲದಲ್ಲಿ ಸಿಕ್ಕ ಬೀಟ್ ಬಳಸಿದರೆ ಅದರ ಲೈಸೆನ್ಸ್ ಓದಿ. ಹಾಡು ರಚಿಸಿದವರ ರಾಯಲ್ಟಿ ಸಂಗ್ರಹಿಸಿ ಹಂಚುವ ಐ.ಪಿ.ಆರ್.ಎಸ್. ಸಂಸ್ಥೆಯಲ್ಲಿ ಸಾಹಿತ್ಯ ರಚಿಸಿದವರೆಂದು ಸದಸ್ಯರಾಗಿ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ ಬರೆದವರ ರಾಯಲ್ಟಿಯ ಪಾಲನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ. ನಾಳೆ ಯಾವುದಾದರೂ ಕಂಪನಿ ಒಪ್ಪಂದ ತಂದರೆ ಅದರಲ್ಲಿ ಮೊದಲು ಹುಡುಕಬೇಕಾದ್ದು ಮಾಸ್ಟರ್ ರೆಕಾರ್ಡಿಂಗ್ (ಹಾಡಿನ ಮೂಲ ಧ್ವನಿಮುದ್ರಣ) ಯಾರ ಹೆಸರಿನಲ್ಲಿ, ಎಷ್ಟು ವರ್ಷಕ್ಕೆ ಎಂಬ ಸಾಲು.

ಕೊನೆಗೆ ಆ ರಾಜಕಾರಣಿಯ ಹೆಸರು. 2023ರಲ್ಲಿ ಮಹಾರಾಷ್ಟ್ರದಲ್ಲಿ ರಾಜ್ ಮುಂಗಾಸೆ, ಉಮೇಶ್ ಖಾಡೆ ಎಂಬ ಇಬ್ಬರು ಮರಾಠಿ ರ‍್ಯಾಪರ್‌ಗಳ ಮೇಲೆ ಅವರ ರಾಜಕೀಯ ಹಾಡುಗಳಿಗಾಗಿ ಪೊಲೀಸ್ ಪ್ರಕರಣ ದಾಖಲಾಯಿತು. ಇದು ನಿಮ್ಮನ್ನು ಹೆದರಿಸಲು ಹೇಳಿದ್ದಲ್ಲ, ಲೆಕ್ಕದಲ್ಲಿ ಇಟ್ಟುಕೊಳ್ಳಲು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನನಷ್ಟ ಈಗಲೂ ಅಪರಾಧವೇ. ಹೇಳಿದ್ದು ಸತ್ಯವಾಗಿದ್ದು, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದಾದರೆ ಅದೇ ಕಲಂ ವಿನಾಯಿತಿ ಕೊಡುತ್ತದೆ. ಸಾಬೀತು ಮಾಡುವ ಹೊರೆ ಮಾತ್ರ ನಿಮ್ಮದು. ಆದ್ದರಿಂದ ಹೆಸರು ಬರುವ ಪ್ರತಿ ಸಾಲಿನ ಎದುರು ಒಂದು ದಾಖಲೆ ಬರೆದಿಡಿ: ಮಾಹಿತಿ ಹಕ್ಕಿನಲ್ಲಿ ಪಡೆದ ಪ್ರತಿ, ಲೆಕ್ಕಪರಿಶೋಧನೆಯ ಪುಟ, ನ್ಯಾಯಾಲಯದ ಆದೇಶ. ಟೆಂಡರಿನ ಬಗ್ಗೆ ದಾಖಲೆ ಇದ್ದರೆ ಟೆಂಡರಿನ ಬಗ್ಗೆ ಹೆಸರು ಹಿಡಿದು ಹಾಡಿ, ಬಿಡುಗಡೆಗೆ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಅವರ ಮನೆಯವರ ಬಗ್ಗೆ, ಜಾತಿಯ ಬಗ್ಗೆ, ಮೈಬಣ್ಣದ ಬಗ್ಗೆ ಸಾಲು ಇದ್ದರೆ ವಕೀಲರವರೆಗೂ ಹೋಗಬೇಡಿ, ಈಗಲೇ ತೆಗೆಯಿರಿ. ದಾಖಲೆ ಸಿಗದ ಸಾಲುಗಳಲ್ಲಿ ಹೆಸರಿನ ಜಾಗಕ್ಕೆ ಪಾತ್ರವನ್ನು ತನ್ನಿ. ಊರಿನ ನೀರಿನ ಟ್ಯಾಂಕರ್ ಓಡಿಸುವವನ ಬಾಯಲ್ಲಿ ಆ ವರ್ಸ್ ಹೇಳಿಸಿ. ಯಾರ ಮನೆಗೆ ದಿನಾ ನೀರು ಹೋಗುತ್ತದೆ, ಯಾವ ಓಣಿಗೆ ವಾರಕ್ಕೊಮ್ಮೆ ಎಂದು ಅವನು ಹೇಳುತ್ತಾ ಹೋದರೆ, ನಿಮ್ಮ ಊರಿನವರಿಗೆ ಹೆಸರು ತಾನಾಗೇ ಗೊತ್ತಾಗುತ್ತದೆ.